ಆರ್ಕೆಸ್ಟ್ರಾಗೆ ಬೇಸ್ ಗಿಟಾರ್: ಆಕ್ಟಿವಾ, ಪ್ಯಾಸಿವಾ? (ಸ್ಟೇಜ್ ಮೇಲೆ ಆಂಪ್ ಇರಲ್ಲ)

ತುಂಗಾ_ಲೋ_ಎಂಡ್:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವ್ನು, ಇಲ್ಲೇ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸ್ತೀನಿ. ಮೊದ್ಲು ನಮ್ ಟೀಮಲ್ಲಿ ಕೀಬೋರ್ಡ್‌ನವ್ರೇ ಎಡಗೈಲಿ ಬೇಸ್ ಹಾಕ್ತಿದ್ರು, ಆಮೇಲೆ ನಾನು ಸೇರ್ಕೊಂಡೆ, ಫ್ರೆಂಡ್ ಹತ್ರ ಇಸ್ಕೊಂಡಿರೋ ಒಂದು ಹಳೇ ಪಿ-ಬೇಸ್ (ಫೆಂಡರ್ ಪ್ರಿಸಿಷನ್) ಟೈಪಿನ ಗಿಟಾರಲ್ಲೇ ಇಷ್ಟು ದಿನ ನಡೀತಿದೆ, ಪೂರ್ತಿ ಪ್ಯಾಸಿವ್ (ಒಳಗೆ ಬ್ಯಾಟರಿ ಹಾಕೋ ಸರ್ಕ್ಯೂಟ್ ಏನೂ ಇಲ್ಲ), ಒಂದು ವಾಲ್ಯೂಮ್ ಒಂದು ಟೋನ್ ಅಷ್ಟೆ. ಅವ್ನು ಈಗ ವಾಪಸ್ ಕೇಳ್ತಿದಾನೆ. ಗಣೇಶನ ಹಬ್ಬ ಶುರುವಾದ್ರೆ ರಾಜ್ಯೋತ್ಸವ ಮುಗಿಯೋವರ್ಗೂ ಪ್ರೋಗ್ರಾಂ ಇರುತ್ತೆ, ಅಷ್ಟ್ರೊಳಗೆ ಸ್ವಂತದ್ದೊಂದು ತಗೋಬೇಕು.

ನೋಡಿರೋದು ಯಮಹಾ ಟಿಆರ್‌ಬಿಎಕ್ಸ್174 (ಪ್ಯಾಸಿವ್) ಮತ್ತೆ 304 (ಆಕ್ಟಿವ್). ಒಬ್ರ ಹತ್ರ ಸೆಕೆಂಡ್ ಹ್ಯಾಂಡ್ ಸೈರ್ ವಿ7 ಕೂಡ ಇದೆ, ಅದು ಸ್ವಲ್ಪ ಬಜೆಟ್ ದಾಟುತ್ತೆ.

ನಮ್ ಪರಿಸ್ಥಿತಿ ಹೇಳ್ತೀನಿ. ಬೇಸ್ ಆಂಪ್ ಅಂತ ಯಾರೂ ತರಲ್ಲ. ಸೌಂಡ್‌ನವ್ರು ಒಂದ್ಸಲ ಡಿಐ ಬಾಕ್ಸ್ (ಗಿಟಾರ್ ಸಿಗ್ನಲ್ಲನ್ನ ಮಿಕ್ಸರ್‌ಗೆ ಹೊಂದಿಸೋ ಡಬ್ಬಿ) ಕೊಡ್ತಾರೆ, ಒಂದ್ಸಲ ಉದ್ದದ ವಯರ್ ಎಳ್ದು ಸೀದಾ ಮಿಕ್ಸರ್ ಲೈನ್ ಇನ್‌ಗೆ ಚುಚ್ಚಿ ಅಂತಾರೆ. ಹಾಗೆ ಚುಚ್ಚಿದಾಗ ಸೌಂಡು ಮಂದವಾಗಿ, ಕಂಬಳಿ ಹೊದ್ಸಿದಂಗೆ ಬರುತ್ತೆ. ಸೌಂಡ್ ಅಣ್ಣ "ನೀವು ಆಕ್ಟಿವ್ ತಗೊಳ್ಳಿ, ಸಿಗ್ನಲ್ ಜಾಸ್ತಿ ಬರುತ್ತೆ" ಅಂತಾರೆ, ನನಗೆ ಹೇಳ್ಕೊಟ್ಟ ಮೇಷ್ಟ್ರು "ಪ್ಯಾಸಿವ್ ಬಿಟ್ಟು ಬೇರೆ ಮುಟ್ಬೇಡ, ನಡು ಹಾಡಲ್ಲಿ ಬ್ಯಾಟರಿ ಹೋದ್ರೆ ಏನ್ ಮಾಡ್ತೀಯ" ಅಂತಾರೆ. ಹಾಡುಗಳು ಎಲ್ಲಾ ತರದ್ದೂ ಇರುತ್ತೆ, ರಾಜನ್-ನಾಗೇಂದ್ರ, ಇಳಯರಾಜಾ ಅವ್ರ ಹಾಡುಗಳಿಂದ ಹಿಡ್ದು ಈಗಿನ ಟಪ್ಪಾಂಗುಚ್ಚಿ ತನಕ. ಅನುಭವ ಇರೋರು ದಯವಿಟ್ಟು ಹೇಳಿ.

ಸೋಲ್ಡರ್_ಕೈ:

ಬೆಂಗಳೂರಲ್ಲಿ ಗಿಟಾರ್, ಆಂಪ್ ರಿಪೇರಿ ಮಾಡ್ತೀನಿ ಆದ್ರಿಂದ ನಂದು ಸ್ವಲ್ಪ ವಯರಿಂಗ್ ಕಡೆಯ ಉತ್ತರ, ಉದ್ದ ಆಗುತ್ತೆ ಬೈಬೇಡಿ.

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳ್ಳಿ. ಅಂಗಡೀಲಿ "ಆಕ್ಟಿವ್ ಬೇಸ್" ಅಂತ ಮಾರೋದ್ರಲ್ಲಿ ಮುಕ್ಕಾಲು ಪಾಲು ಗಿಟಾರ್‌ಗಳ ಪಿಕಪ್ (ತಂತಿ ಅಲುಗಾಡೋದನ್ನ ಸಿಗ್ನಲ್ ಮಾಡೋ ಭಾಗ) ಪ್ಯಾಸಿವ್ವೇ. ಅದೇ ಮ್ಯಾಗ್ನೆಟ್, ಅದೇ ತಾಮ್ರದ ಕಾಯಿಲ್. ಪಿಕಪ್ ಆದ್ಮೇಲೆ ಒಳಗಡೆ ಒಂದು ಸಣ್ಣ ಪ್ರೀಆಂಪ್ (ಸಿಗ್ನಲ್ಲನ್ನ ಹದ ಮಾಡೋ ಸರ್ಕ್ಯೂಟ್) ಬೋರ್ಡ್ ಕೂತಿರುತ್ತೆ, ಅದಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ಪಿಕಪ್ ಒಳಗೇ ಆಂಪ್ಲಿಫೈಯರ್ ಇರೋದು ಇಎಂಜಿ ಕಂಪನಿ ತರದ್ದು, ಅದು ಬೇರೆ ಕತೆ. ನೀವು ಹೇಳಿದ 304, ಸೈರ್ ಎರಡೂ ಮೊದಲ್ನೇ ಜಾತಿ.

"ಸಿಗ್ನಲ್ ಜಾಸ್ತಿ" ಅನ್ನೋದು ಅರ್ಧ ಸತ್ಯ. ಬೇಸ್, ಟ್ರೆಬಲ್ ನಾಬ್‌ಗಳನ್ನ ನಡೂಗೆ ಇಟ್ರೆ ಎಷ್ಟೋ ಪ್ರೀಆಂಪ್‌ಗಳು ಹೆಚ್ಚುಕಮ್ಮಿ ಬಂದಷ್ಟನ್ನೇ ಹೊರಗೆ ಕಳಿಸ್ತವೆ. ನಾಬ್ ಏರಿಸಿದಾಗ ಜೋರಾಗುತ್ತೆ, ಅದು ನಿಜ. ಆದ್ರೆ ನಿಮ್ಮ ಕೇಸಲ್ಲಿ ಉಪಯೋಗ ಆಗೋದು ಜೋರಿಂದ ಅಲ್ಲ, ಇಂಪಿಡೆನ್ಸಿಂದ, ಅಂದ್ರೆ ಸಿಗ್ನಲ್ಲಿಗೆ ಸಿಗೋ ತಡೆಯಿಂದ.

ಪ್ಯಾಸಿವ್ ಪಿಕಪ್ ಅಂದ್ರೆ ಸಾವಿರಾರು ಸುತ್ತಿನ ಕಾಯಿಲ್. ಲೆಕ್ಕಕ್ಕೆ ಅದರ ರೆಸಿಸ್ಟೆನ್ಸ್ 10 ಕಿಲೋಓಮ್, ಇಂಡಕ್ಟೆನ್ಸ್ 6 ಹೆನ್ರಿ ಅಂತ ಇಟ್ಕೊಳ್ಳಿ. ಅದಕ್ಕೆ ಎದುರುಗಡೆ 1 ಮೆಗಾಓಮ್ ಇನ್‌ಪುಟ್ ಸಿಕ್ರೆ ಆರಾಮಾಗಿರುತ್ತೆ, ಬೇಸ್ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಅಷ್ಟಿರುತ್ತೆ. ಮಿಕ್ಸರ್ ಲೈನ್ ಇನ್‌ಪುಟ್ ಅನ್ನೋದು 10-20 ಕಿಲೋಓಮ್. 10 ಕಿಲೋಓಮ್ ಇರೋದಕ್ಕೆ ಸೀದಾ ಚುಚ್ಚಿದ್ರೆ ಕೆಳಗಿನ ಸ್ವರಗಳಲ್ಲೇ ಅರ್ಧ ಸಿಗ್ನಲ್ ಹೋಯ್ತು, ಮೇಲೆ ಹೋದಂಗೆಲ್ಲ ಕಾಯಿಲ್ ಅಡ್ಡಗಟ್ಟೋದು ಜಾಸ್ತಿ ಆಗ್ತಾ 1000 ಹರ್ಟ್ಸ್ ಹೊತ್ತಿಗೆ ಕಾಲು ಭಾಗ ಕೂಡ ಮಿಕ್ಸರ್‌ಗೆ ಸೇರಲ್ಲ. ಬೆರಳು ತಂತಿಗೆ ತಾಗೋ ಸದ್ದು, ನೋಟ್ ಶುರುವಾಗೋ ಆ ಅಂಚು, ಎಲ್ಲಾ ಇರೋದು ಅಲ್ಲೇ. ನೀವು ಹೇಳ್ತಿರೋ ಮಂದ ಸೌಂಡ್ ಇದೇ. ಇದಕ್ಕೆ ಗಿಟಾರ್ ಕಾರಣ ಅಲ್ಲ.

ಎರಡನೇದು ಕೇಬಲ್. ಗಿಟಾರ್ ಕೇಬಲ್ ಅಂದ್ರೆ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್. ಮೇಲಿನ ಅದೇ ಪಿಕಪ್ಪಿಗೆ 6 ಮೀಟರ್ ಕೇಬಲ್ ಹಾಕಿದ್ರೆ ಅದರ ರೆಸೊನೆನ್ಸ್ (ಪಿಕಪ್ ಜಾಸ್ತಿ ಮೊಳಗೋ ಜಾಗ) ಎರಡೂವರೆ ಸಾವಿರ ಹರ್ಟ್ಸ್ ಹತ್ರ ಕೂರುತ್ತೆ, 15 ಮೀಟರ್ ಎಳೆದ್ರೆ 1600ರ ಆಸುಪಾಸಿಗೆ ಇಳಿಯುತ್ತೆ, ಅದರ ಮೇಲಿಂದು ಕಟ್. ಆಕ್ಟಿವ್ ಬೇಸಲ್ಲಿ ಪ್ರೀಆಂಪ್ ಮಧ್ಯ ನಿಂತಿರೋದ್ರಿಂದ ಪಿಕಪ್ಪಿಗೆ ಆಚೆ ಕೇಬಲ್ ಎಷ್ಟುದ್ದ ಇದೆ, ಮಿಕ್ಸರ್ ಇನ್‌ಪುಟ್ ಏನು ಅನ್ನೋದೇ ಗೊತ್ತಾಗಲ್ಲ. ಸೌಂಡ್ ಅಣ್ಣಂಗೆ ಆಕ್ಟಿವ್ ಇಷ್ಟ ಆಗೋದು ಇದಕ್ಕೇ, ಅವ್ರು ಕಾರಣ ಬೇರೆ ಹೇಳ್ತಾರೆ ಅಷ್ಟೆ.

ಆದ್ರೆ ಈ ಕೆಲ್ಸವನ್ನ ಒಂದು ಆಕ್ಟಿವ್ ಡಿಐ ಬಾಕ್ಸ್ ಕೂಡ ಮಾಡುತ್ತೆ. ಹಳೇ ಮಾತೊಂದಿದೆ ನಮ್ ಫೀಲ್ಡಲ್ಲಿ, ಪ್ಯಾಸಿವ್ ಬೇಸಿಗೆ ಆಕ್ಟಿವ್ ಡಿಐ, ಆಕ್ಟಿವ್ ಬೇಸಿಗೆ ಪ್ಯಾಸಿವ್ ಡಿಐ ಅಂತ. ಟ್ರಾನ್ಸ್‌ಫಾರ್ಮರ್ ಇರೋ ಪ್ಯಾಸಿವ್ ಡಿಐಗಳಲ್ಲಿ ಒಳ್ಳೇದು ಅನ್ನಿಸ್ಕೊಂಡಿರೋ ರೇಡಿಯಲ್ ಜೆಡಿಐದೇ ಇನ್‌ಪುಟ್ 140 ಕಿಲೋಓಮ್. ಪ್ಯಾಸಿವ್ ಪಿಕಪ್ಪಿಗೆ ನಡಿಯುತ್ತೆ, ಸ್ವಲ್ಪ ಮೆತ್ತಗಾಗುತ್ತೆ. ಆಕ್ಟಿವ್ ಡಿಐಗಳಲ್ಲಿ 1 ಮೆಗಾಓಮ್ ಆಸುಪಾಸು ಇರೋದು ಬೇಕಾದಷ್ಟಿವೆ. ಹಾಗಾಗಿ ನನ್ ಸಲಹೆ: 174 ತಗೊಳ್ಳಿ, ಉಳಿದ ದುಡ್ಡಲ್ಲಿ ನಿಮ್ದೇ ಒಂದು ಆಕ್ಟಿವ್ ಡಿಐ ತಗೊಂಡು ಬ್ಯಾಗಲ್ಲಿ ಹಾಕ್ಕೊಳ್ಳಿ. ಫ್ಯಾಂಟಮ್ ಪವರಲ್ಲೂ (ಮಿಕ್ಸರಿಂದ ಮೈಕ್ ಕೇಬಲ್ಲಲ್ಲೇ ಬರೋ ಕರೆಂಟ್) ನಡಿಯೋದು ನೋಡಿ ತಗೊಳ್ಳಿ, ಬ್ಯಾಟರಿ ತಲೆನೋವೂ ಇರಲ್ಲ.

ಕುಡ್ಲ_ಗ್ರೂವ್:

ಮೇಲಿನವರು ಹೇಳಿದ ಟೆಕ್ನಿಕಲ್ ವಿಷಯ ಎಲ್ಲ ಸರಿ ಉಂಟು, ಆದ್ರೆ ಕೊನೆಗೆ ಬಂದ ತೀರ್ಮಾನಕ್ಕೆ ನಾನು ಒಪ್ಪುವುದಿಲ್ಲ ಮಾರಾಯ್ರೆ.

ನಾನು ಮಂಗಳೂರು. ಭಾನುವಾರ ಚರ್ಚಲ್ಲಿ, ಉಳಿದ ದಿನ ಮದುವೆ, ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಅಂತ ನುಡಿಸುವವ. ಪ್ರತೀ ಸಲ ಬೇರೆ ಹಾಲ್, ಬೇರೆ ಸೌಂಡ್‌ನವ, ಅವನಿಗೆ ಹಾಡುವವರ ಮೈಕು ನೋಡುವುದರಲ್ಲೇ ಪುರುಸೊತ್ತಿಲ್ಲ, ನನ್ನ ಬೇಸಿನ ಚಾನೆಲ್ ಅವನು ಒಮ್ಮೆ ಇಟ್ಟರೆ ಮತ್ತೆ ಮುಟ್ಟುವುದೇ ಇಲ್ಲ. ಹಾಲಲ್ಲಿ ಸದ್ದು ಗುಂಯ್ ಅಂತ ಸುತ್ತಿಕೊಂಡರೆ ನಾನು ಹಾಡಿನ ಮಧ್ಯದಲ್ಲೇ ಬೇಸ್ ನಾಬ್ ಸ್ವಲ್ಪ ಇಳಿಸ್ತೇನೆ, ಕೀಬೋರ್ಡಿನ ಕೆಳಗೆ ಕೇಳದೆ ಹೋದರೆ ಮಿಡ್ ಏರಿಸ್ತೇನೆ, ಯಾರನ್ನೂ ಕೇಳ್ಬೇಕಂತ ಇಲ್ಲ. ಪ್ಯಾಸಿವಲ್ಲಿ ಆ ಟೋನ್ ನಾಬ್ ಮಾಡುವುದು ಒಂದೇ, ಟ್ರೆಬಲ್ ತೆಗೆಯುವುದು. ಇಲ್ಲದ್ದನ್ನು ಸೇರಿಸ್ಲಿಕ್ಕೆ ಅದರಿಂದ ಆಗುದಿಲ್ಲ, ಕೆಳಗಿನದ್ದನ್ನು ತೆಗೀಲಿಕ್ಕೂ ಆಗುದಿಲ್ಲ. ಆಂಪ್ ಇದ್ದರೆ ಆಂಪಲ್ಲಿ ಮಾಡಬಹುದಿತ್ತು, ನಿಮ್ಮ ಹತ್ರ ಅದೂ ಇಲ್ಲ ಅಲ್ವಾ?

ಮತ್ತೆ ಈ ಆಕ್ಟಿವ್ ಅಂದ್ರೆ ಈಗ ಬಂದ ಫ್ಯಾಷನ್ ಅಂತ ತುಂಬಾ ಜನ ಮಾತಾಡ್ತಾರೆ. ಆಕ್ಟಿವ್ ಬೇಸ್ ಆದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬಂದದ್ದು 1976ರಲ್ಲಿ, ಅದರ ಹಿಂದೆ ಇದ್ದದ್ದು ಯಾರು? ಪ್ರಿಸಿಷನ್ ಬೇಸ್ ಮಾಡಿದ ಅದೇ ಲಿಯೋ ಫೆಂಡರ್. ಅದಕ್ಕಿಂತ ಮೊದಲೇ ಅಲೆಂಬಿಕ್‌ನವರು ಮಾಡ್ತಾ ಇದ್ದರು. ಬೇಸ್ ನುಡಿಸುವ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸಿಗೆ ರೋಜರ್ ಸಡೌಸ್ಕಿ ಒಳಗೆ ಪ್ರೀಆಂಪ್ ಕೂರಿಸಿದ ಮೇಲೆಯೇ ಆ ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿಗೆ ಹೊಡೆಯುವ) ಸೌಂಡ್ ಅಷ್ಟು ಫೇಮಸ್ ಆದದ್ದು.

ಒಂದು ಎಚ್ಚರಿಕೆ ಮಾತ್ರ. ಹೊಸತರಲ್ಲಿ ಎಲ್ಲರೂ ಮಾಡುವುದು ಏನಂದ್ರೆ ಮನೆಯಲ್ಲಿ ಒಬ್ಬನೇ ಕೂತು ಬೇಸ್ ಫುಲ್, ಟ್ರೆಬಲ್ ಫುಲ್, ಮಿಡ್ ಇಳಿಸಿ ಆಹಾ ಎಂಥ ಸೌಂಡ್ ಅಂತ ಖುಷಿ ಪಡುವುದು. ಸ್ಟೇಜಿಗೆ ಹೋದರೆ ಬೇಸ್ ಮಾಯ. ಓಪನ್ ಇ ತಂತಿ 41 ಹರ್ಟ್ಸ್, ಅಲ್ಲಿ ಏರಿಸಿದ್ದು ಸಬ್ ಅಲುಗಾಡಿಸ್ತದೆ ವಿನಾ ಯಾವ ಸ್ವರ ಅಂತ ಕಿವಿಗೆ ಸಿಗುವುದಿಲ್ಲ. ಸ್ವರ ಕೇಳುವುದು 400ರಿಂದ 800ರ ನಡುವೆ. ನಾನು ಎಲ್ಲ ನಾಬ್ ನಡುವಲ್ಲಿಟ್ಟು ಶುರು ಮಾಡುವುದು, ಹೆಚ್ಚಿನ ಸಲ ಇಳಿಸುವುದೇ, ಏರಿಸುವುದು ಕಡಿಮೆ.

ಬಜೆಟ್ ಸ್ವಲ್ಪ ಎಳೆದರೆ ಸೈರ್ ವಿ7 ತೆಗೊಳ್ಳಿ, ಅದರಲ್ಲಿ ಆಕ್ಟಿವ್-ಪ್ಯಾಸಿವ್ ಸ್ವಿಚ್ ಉಂಟು, ಮಿಡ್ ಯಾವ ಫ್ರೀಕ್ವೆನ್ಸಿಯಲ್ಲಿ ಬೇಕು ಅಂತ ತಿರುಗಿಸ್ಲಿಕ್ಕೂ ಆಗ್ತದೆ.

ಧಾರವಾಡ_ಪಿ_ಬೇಸ್:

ಮೇಷ್ಟ್ರು ಹೇಳಿದ್ದ ಖರೆ ಐತಿ ನೋಡ್ರಿ, ಆದರ ಬ್ಯಾಟರಿ ಸಲುವಾಗಿ ಅಲ್ಲ.

ನೀವು ಬಾರಿಸೋ ಹಳೇ ಹಾಡಿನಾಗ ಬೇಸ್ ಹೆಂಗ ಕೇಳಸ್ತೈತಿ ಅನ್ನೂದನ್ನ ಒಮ್ಮೆ ಹೆಡ್‌ಫೋನ್ ಹಾಕ್ಕೊಂಡ ಕೇಳ್ರಿ. ದುಂಡಗ, ಮೆತ್ತಗ, ಹಾಡೋರ ಕೆಳಗ ಹಾಸಿಗಿ ಹಾಸಿದಂಗ ಇರತೈತಿ, ಅದರಾಗ ಚಣ್ ಚಣ್ ಅನ್ನೂದು ಏನೂ ಇಲ್ಲ. ಅದು ಪ್ಯಾಸಿವ್ ಬೇಸ್, ಟೋನ್ ಅರ್ಧಕ್ಕ ಇಳಿಸಿ, ಬೆರಳ ಮೆತ್ತಗಿನ ಭಾಗದಿಂದ ಬಾರಿಸಿದ್ರ ಸಲೀಸ ಬರತೈತಿ. ಟೋನ್ ನಾಬ್ "ಬರೇ ತಗೀತೈತಿ" ಅಂತ ಕುಡ್ಲದವರು ಅಂದ್ರು, ಆ ತಗಿಯೂದರಾಗ ಭಾಳ ಐತಿ ಸಾಹೇಬ್ರ. 250 ಕಿಲೋಓಮ್ ಪಾಟ್ (ನಾಬಿನ ಕೆಳಗಿನ ಭಾಗ), ಅದಕ್ಕೊಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಇಷ್ಟ ಸಾಮಾನಿನಾಗ ಪೂರಾ ಮುಚ್ಚಿದ್ರ ಒಂದ ನಮೂನಿ, ಕಾಲು ತಗದ್ರ ಒಂದ ನಮೂನಿ. ಬೇಸ್ ಬಾರಿಸೋ ಜೇಮ್ಸ್ ಜೇಮರ್ಸನ್ ಅಮೆರಿಕದ ಮೋಟೌನ್ ಕಂಪನಿ ಹಾಡಿಗೆ ಹೆಚ್ಚಾಗಿ ಬಾರಿಸಿದ್ದು 1962ರ ಪ್ರಿಸಿಷನ್ ಬೇಸ್, ಫ್ಲ್ಯಾಟ್‌ವೌಂಡ್ (ಮ್ಯಾಲ ನುಣುಪಿರೋ) ತಂತಿ, ಅವು ಕಡೀತನಕ ಬದಲಿ ಮಾಡ್ತಿರಲಿಲ್ಲಂತ. ಇನ್ನೊಬ್ಬ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ ಫ್ರೆಟ್ ಇಲ್ಲದ ಜಾಝ್ ಬೇಸೂ ಪ್ಯಾಸಿವ್. ಅವರಿಬ್ಬರ ಬೇಸ್ ಮಿಕ್ಸಿನಾಗ ಮಾಯ ಆಗೈತಿ ಅಂತ ಯಾರರ ಅಂದದ್ದ ಕೇಳೀರೇನು?

ಇನ್ನೊಂದ ಮಾತು. ಗಿಟಾರಿನಾಗ ನೀವು ಬೂಸ್ಟ್ ಮಾಡೂದು, ಮಿಕ್ಸರಿನಾಗ ಅವರು ಬೂಸ್ಟ್ ಮಾಡೂದು, ಇದು ಮಿರ್ಚಿ ಭಜಿಗೆ ಮ್ಯಾಲ ಖಾರಪುಡಿ ಉದುರಿಸಿಕೊಂಡಂಗ. ನಡುವ ಸೌಂಡ್‌ಚೆಕ್ ಮುಗದ ಮ್ಯಾಲ ನೀವು ನಾಬ್ ತಿರುವಿದ್ರ ಅವರು ಸೆಟ್ ಮಾಡಿದ್ದೆಲ್ಲ ಹಾಳು. ನನಗ ಒಂದ ವಾಲ್ಯೂಮ್ ಒಂದ ಟೋನ್ ಸಾಕು, ಉಳದದ್ದು ಪಿಕಪ್ ಮ್ಯಾಲ ಬಾರಿಸಬೇಕೋ ಬ್ರಿಜ್ ಕಡೆ ಬಾರಿಸಬೇಕೋ ಅನ್ನೂದರ ಮ್ಯಾಲ.

ಕುಡ್ಲ_ಗ್ರೂವ್:

ಜೇಮರ್ಸನ್ ಸ್ಟುಡಿಯೋದಲ್ಲಿ ನುಡಿಸಿದ್ದು ಅಣ್ಣ, ಜನರೇಟರ್ ಪಕ್ಕದ ಪೆಂಡಾಲಲ್ಲಿ ಅಲ್ಲ 😄 ಅಲ್ಲಿ ಕೂತಿದ್ದ ಎಂಜಿನಿಯರ್ ನಮಗೂ ಸಿಕ್ಕಿದರೆ ನಾನೂ ಒಂದೇ ನಾಬ್ ಇಟ್ಕೊಳ್ತೇನೆ.

ಧಾರವಾಡ_ಪಿ_ಬೇಸ್:

ಅದು ಮಾತ್ರ ಒಪ್ಪೂ ಮಾತು.

ತುಂಗಾ_ಲೋ_ಎಂಡ್:

ಇಷ್ಟು ಬರೀತೀರಾ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಲೈನ್ ಇನ್ ವಿಷ್ಯ ಗೊತ್ತೇ ಇರ್ಲಿಲ್ಲ, ಮಂದ ಸೌಂಡ್ ನನ್ ಕೈದೇ ತೊಂದ್ರೆ ಅಂತ ಇದ್ದೆ.

ಎರಡು ಡೌಟು. ಒಂದು, ಬ್ಯಾಟರಿ ನಿಜವಾಗ್ಲೂ ಎಷ್ಟು ದಿನ ಬರುತ್ತೆ, ನಡು ಹಾಡಲ್ಲಿ ಹಠಾತ್ ಅಂತ ಹೋಗ್ಬಿಡುತ್ತಾ? ಎರಡು, ನಮಗೆ ಸೀರಿಯಲ್ ಲೈಟು, ಡಿಮ್ಮರು, ಜನರೇಟರ್ ಎಲ್ಲಾ ಒಟ್ಟಿಗೆ ಇರುತ್ತೆ, ಗುಂಯ್ ಅಂತ ಹಮ್ ಬರುತ್ತೆ, ಆಕ್ಟಿವ್ ತಗೊಂಡ್ರೆ ಅದು ಹೋಗುತ್ತಾ?

ಸೋಲ್ಡರ್_ಕೈ:

ಬ್ಯಾಟರಿ: 9 ವೋಲ್ಟ್ ಆಲ್ಕಲೈನ್ ಅಂದ್ರೆ ಸುಮಾರು 500 ಮಿಲಿಆಂಪ್-ಅವರ್. ಪ್ರೀಆಂಪ್ 1 ಮಿಲಿಆಂಪ್ ಎಳೆಯುತ್ತೆ ಅಂತ ಇಟ್ಕೊಂಡ್ರೆ 500 ಗಂಟೆ. ಇಎಂಜಿ ಪಿಕಪ್ ಇನ್ನೂ ಕಮ್ಮಿ ಎಳೆಯುತ್ತೆ, ಅದರಲ್ಲಿ ಸಾವಿರಾರು ಗಂಟೆ ಲೆಕ್ಕ. ನೀವು ಇಡೀ ಸೀಸನ್ ದಿನಾ ನಾಲ್ಕು ಗಂಟೆ ನುಡಿಸಿದ್ರೂ ಒಂದು ಬ್ಯಾಟರಿ ಮುಗಿಯಲ್ಲ. ಮತ್ತೆ ಜನರ ಬ್ಯಾಟರಿ ಯಾಕೆ ಖಾಲಿ ಆಗುತ್ತೆ ಅಂದ್ರೆ, ಆಕ್ಟಿವ್ ಬೇಸುಗಳಲ್ಲಿ ಬೇರೆ ಆನ್-ಆಫ್ ಸ್ವಿಚ್ ಇರಲ್ಲ, ಗಿಟಾರಿನ ಜಾಕ್ ಸ್ಟೀರಿಯೋ ಜಾಕ್ ಆಗಿರುತ್ತೆ, ನೀವು ಕೇಬಲ್ ಚುಚ್ಚಿದ ತಕ್ಷಣ ಅದೇ ಬ್ಯಾಟರಿಯ ನೆಗೆಟಿವ್ ಸೇರ್ಸಿ ಆನ್ ಮಾಡುತ್ತೆ. ಪ್ರೋಗ್ರಾಂ ಮುಗಿಸಿ ಕೇಬಲ್ ಹಾಗೇ ಚುಚ್ಚಿ ಸ್ಟ್ಯಾಂಡಿಗೆ ಒರಗಿಸಿ ಬಿಟ್ರೆ ನುಡಿಸದೇ ಇದ್ರೂ ಮೂರು ವಾರದಲ್ಲಿ ಖಾಲಿ. ನನ್ ಹತ್ರ "ಪ್ರೀಆಂಪ್ ಸುಟ್ಟೋಗಿದೆ" ಅಂತ ಬರೋ ಗಿಟಾರ್‌ಗಳಲ್ಲಿ ಎಷ್ಟೋ ಇದೇ ಕೇಸು.

ಹಠಾತ್ತಾಗಿ ಸಾಮಾನ್ಯವಾಗಿ ಹೋಗಲ್ಲ. ಮೊದ್ಲು ಜೋರಾಗಿ ಹೊಡೆದ ನೋಟ್ ಪರಪರ ಅನ್ನೋಕೆ ಶುರುವಾಗುತ್ತೆ, ಆಮೇಲೆ ಸೌಂಡ್ ಕುಗ್ಗುತ್ತೆ. ಮಲ್ಟಿಮೀಟರಲ್ಲಿ 8 ವೋಲ್ಟಿಗಿಂತ ಕಮ್ಮಿ ತೋರಿಸಿದ್ರೆ ಬದಲಾಯಿಸಿಬಿಡಿ. ಗೋಡೆ ಗಡಿಯಾರಕ್ಕೆ ಹಾಕೋ ಅಗ್ಗದ ಕಾರ್ಬನ್ ಜಾತಿ ಬೇಡ, ಅದಕ್ಕೆ ಇಷ್ಟು ತಾಕತ್ತಿಲ್ಲ, ಸೋರಿ ಬಾಕ್ಸ್ ಹಾಳು ಮಾಡುತ್ತೆ ಬೇರೆ. ಮತ್ತೆ 304ರಲ್ಲಿ ಪ್ಯಾಸಿವ್ ಸ್ವಿಚ್ ಇಲ್ಲ, ಬ್ಯಾಟರಿ ಸತ್ರೆ ಸೌಂಡೂ ಸತ್ತಂಗೆ, ಅದೇ ಸೀರೀಸಲ್ಲಿ 504ಕ್ಕೆ ಸ್ವಿಚ್ ಕೊಟ್ಟಿದ್ದಾರೆ. ಸ್ಟಿಂಗ್‌ರೇಗೂ ಸ್ವಿಚ್ ಇರ್ಲಿಲ್ಲ ಅನ್ನೋದು ಕುಡ್ಲದವ್ರಿಗೆ ನೆನಪಿಸ್ತೀನಿ.

ಹಮ್: ಇಲ್ಲಿ ಆಕ್ಟಿವ್-ಪ್ಯಾಸಿವ್ ಅನ್ನೋದು ಲೆಕ್ಕಕ್ಕೇ ಬರಲ್ಲ. ಕಾಯಿಲ್ ಹಿಡಿಯೋ ಹಮ್ಮನ್ನ ಪ್ರೀಆಂಪ್ ನಿಯತ್ತಾಗಿ ಹಾಗೇ ಮುಂದಕ್ಕೆ ಕಳ್ಸುತ್ತೆ, ಟ್ರೆಬಲ್ ಏರಿಸಿದ್ರೆ ತಂದೂ ಒಂಚೂರು ಉಸ್ಸ್ ಅಂತ ಸೇರಿಸುತ್ತೆ. ನೋಡ್ಬೇಕಾಗಿರೋದು ಪಿಕಪ್ ಜಾತಿ. ಪಿ-ಬೇಸಿನ ಎರಡು ತುಂಡಿನ ಪಿಕಪ್, 1957ರಲ್ಲಿ ಬಂದಿದ್ದು, ಅದರ ಎರಡು ಕಾಯಿಲ್ ಒಂದಕ್ಕೊಂದು ಉಲ್ಟಾ ಇರೋದ್ರಿಂದ ಹಮ್ ಅಲ್ಲೇ ವಜಾ. ಜಾಝ್ ಟೈಪ್ ಪಿಕಪ್ ಒಂದನ್ನೇ ಬಿಟ್ರೆ ಹಮ್ ಬರುತ್ತೆ, ಎರಡೂ ಪೂರ್ತಿ ತೆರೆದ್ರೆ ಹೋಗುತ್ತೆ. 174ರಲ್ಲಿ ಪಿ ಒಂದು, ಜೆ ಒಂದು ಇದೆ, ಪೆಂಡಾಲಲ್ಲಿ ಜೆ ಮುಚ್ಚಿ ಪಿ ಒಂದರಲ್ಲೇ ನುಡಿಸಿ. 304ರಲ್ಲಿ ಇರೋದು ಹಂಬಕರ್ (ಹಮ್ ತಡೆಯೋ ಜೋಡಿ ಕಾಯಿಲ್ ಪಿಕಪ್), ಅದಕ್ಕೆ ಈ ತೊಂದ್ರೆ ಕಮ್ಮಿ.

ಇದಕ್ಕಿಂತ ದೊಡ್ಡ ವಿಷ್ಯ ಅರ್ಥಿಂಗ್. ಮಾಮೂಲಿ ಬೇಸಲ್ಲಿ ಬ್ರಿಜ್ ಮೂಲಕ ತಂತಿ ಗ್ರೌಂಡಿಗೆ ಸೇರಿರುತ್ತೆ, ತಂತಿ ಮುಟ್ಟಿದ್ರೆ ಹಮ್ ಕಮ್ಮಿ ಆಗೋದು ಅದಕ್ಕೇ. ಪೆಂಡಾಲಲ್ಲಿ ಅರ್ಥ್ ಸರಿ ಇಲ್ಲದೇ ಹೋದ್ರೆ ಕೈಯಲ್ಲಿ ತಂತಿ, ತುಟಿ ಹತ್ರ ಕೋರಸ್ ಮೈಕು, ಮಧ್ಯ ನೀವು. ಚುರ್ ಅಂದ್ರೆ ತಮಾಷೆ ಅಂದ್ಕೊಂಡು ಬಿಡ್ಬೇಡಿ. ಮಳೆ ಬಂದು ಸ್ಟೇಜ್ ಒದ್ದೆ ಇದ್ರಂತೂ ಸೌಂಡ್‌ನವ್ರಿಗೆ ಮೀಟರ್ ಹಿಡ್ದು ಚೆಕ್ ಮಾಡೋಕೆ ಹೇಳಿ, ಅವ್ರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ. ಇಎಂಜಿ ಆಕ್ಟಿವ್ ಪಿಕಪ್‌ಗೆ ತಂತಿ ಗ್ರೌಂಡ್ ಬೇಕಿಲ್ಲ, ಕಂಪನಿಯವ್ರೇ ಆ ವಯರ್ ತೆಗೀರಿ ಅಂತಾರೆ. ಆಕ್ಟಿವ್ ಪರವಾಗಿ ನಾನು ಮನಸ್ಸಾರೆ ಒಪ್ಪೋ ಪಾಯಿಂಟ್ ಅದೊಂದು.

ನೆಲದ_ಪೆಡಲ್:

ತಡವಾಗಿ ಬಂದೆ. ಗಿಟಾರ್ ಪ್ಯಾಸಿವ್ ಇಟ್ಕೊಂಡು ಪ್ರೀಆಂಪನ್ನ ಕಾಲ ಹತ್ರ ಇಟ್ಕೊಳ್ಳೋ ದಾರೀನ ಯಾರೂ ಹೇಳೇ ಇಲ್ವಲ್ಲ? ಟೆಕ್ 21 ಅವ್ರ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ ಇರೋದೇ ಇದಕ್ಕೆ. ಬೇಸ್, ಟ್ರೆಬಲ್ ಅದರಲ್ಲೇ ಇದೆ, ಒಂಚೂರು ಆಂಪ್ ಬಣ್ಣಾನೂ ಕೊಡುತ್ತೆ, ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್) ತೆಗ್ದು ಸೀದಾ ಮಿಕ್ಸರ್‌ಗೆ. ಅದೇ ತರದ್ದು ಕಡಿಮೆ ಬೆಲೆಗೆ ಬೇಕಂದ್ರೆ ಬೆರಿಂಗರ್ ಬಿಡಿಐ21. ಮುಂದೆ ಗಿಟಾರ್ ಬದಲಾಯಿಸಿದ್ರೂ ಪೆಡಲ್ ನಿಮ್ ಜೊತೆ ಉಳಿಯುತ್ತೆ. ಸೋಲ್ಡರ್_ಕೈ ಅವ್ರು ಹೇಳಿದ ಡಿಐ, ಕುಡ್ಲದವ್ರು ಹೇಳಿದ ನಾಬು, ಎರಡೂ ಒಂದೇ ಡಬ್ಬೀಲಿ.

ಕುಡ್ಲ_ಗ್ರೂವ್:

ಒಳ್ಳೆ ಐಡಿಯ, ನಾನೂ ಒಪ್ಪಿದೆ. ಒಂದೇ ಕಿರಿಕಿರಿ ಎಂತದಂದ್ರೆ ಹಾಡಿನ ಮಧ್ಯ ಬಗ್ಗಿ ನಾಬ್ ತಿರುಗಿಸ್ಲಿಕ್ಕೆ ಆಗುದಿಲ್ಲ, ಮತ್ತೆ ಆರ್ಕೆಸ್ಟ್ರಾ ಸ್ಟೇಜಲ್ಲಿ ಡ್ಯಾನ್ಸ್ ಮಾಡುವವರು ಮೆಟ್ಟಿ ಹೋಗ್ತಾರೆ. ಕೀಬೋರ್ಡ್ ಸ್ಟ್ಯಾಂಡಿನ ಹತ್ರ ಒಂದು ಸ್ಟೂಲ್ ಮೇಲೆ ಇಡಿ.

ತುಂಗಾ_ಲೋ_ಎಂಡ್:

ಸರಿ, ಹಾಗಾದ್ರೆ 174 ಮತ್ತೆ ಒಂದು ಪ್ರೀಆಂಪ್ ಡಿಐ, ಇದೇ ನನ್ ಬಜೆಟ್ಟಿಗೆ ಸರಿಹೋಗೋ ತರ ಕಾಣ್ತಿದೆ. ಸೈರ್ ನೋಡಿದ್ರೆ ಆಸೆ ಆಗುತ್ತೆ, ಆದ್ರೆ ಅದನ್ನ ತಗೊಂಡ್ರೆ ಡಿಐಗೆ ದುಡ್ಡು ಉಳಿಯಲ್ಲ, ಮತ್ತೆ ಅವ್ರು ಕೊಟ್ಟಿದ್ದಕ್ಕೇ ಚುಚ್ಚಬೇಕು. ತಗೊಳ್ಳೋಕೆ ಮುಂಚೆ ಈಗಿರೋ ಫ್ರೆಂಡ್ ಬೇಸನ್ನೇ ಈ ವಾರದ ಪ್ರೋಗ್ರಾಮಲ್ಲಿ ಸೌಂಡ್ ಅಣ್ಣನ ಡಿಐಗೊಮ್ಮೆ, ಲೈನ್ ಇನ್‌ಗೊಮ್ಮೆ ಹಾಕಿ ರೆಕಾರ್ಡ್ ಮಾಡಿ ಇಲ್ಲಿ ಹಾಕ್ತೀನಿ.

ಸೋಲ್ಡರ್_ಕೈ:

ಮಾಡಿ. ಎರಡೂ ಸಲ ಒಂದೇ ಲೈನ್ ನುಡಿಸಿ, ಮಿಕ್ಸರಲ್ಲಿ ಈಕ್ಯೂ (ಬೇಸ್, ಮಿಡ್, ಟ್ರೆಬಲ್ ನಾಬ್‌ಗಳು) ಫ್ಲ್ಯಾಟ್ ಇರ್ಲಿ, ಲೆವೆಲ್ ಸಮ ಮಾಡ್ಕೊಳ್ಳಿ, ಇಲ್ಲಾಂದ್ರೆ ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ. ಮತ್ತೆ ಮೊಬೈಲ್ ಸ್ಪೀಕರಲ್ಲಿ ಕೇಳಿ ತೀರ್ಮಾನ ಮಾಡ್ಬೇಡಿ, ಅದರಲ್ಲಿ ನಿಮ್ಮ ಕೆಳಗಿನ ಸ್ವರಗಳು ಬರೋದೇ ಇಲ್ಲ. ಸೌಂಡ್ ಅಣ್ಣನ ಡಿಐ ಹಿಂದೆ ಮಾಡೆಲ್ ಹೆಸರಿರುತ್ತೆ, ಅದರ ಫೋಟೋನೂ ಹಾಕಿ, ಪ್ಯಾಸಿವ್ವೋ ಆಕ್ಟಿವ್ವೋ ಹೇಳ್ತೀನಿ.

ಧಾರವಾಡ_ಪಿ_ಬೇಸ್:

ರೆಕಾರ್ಡ್ ಮಾಡೂ ಮುಂದ ಟೋನ್ ನಾಬ್ ಪೂರಾ ತೆರದು ಒಮ್ಮೆ, ಅರ್ಧಕ್ಕ ಇಟ್ಟು ಒಮ್ಮೆ ಬಾರಿಸ್ರಿ. ತಂತಿ ಹಳೇವಿದ್ರ ಹಂಗ ಇರಲಿ, ಬದಲಿ ಮಾಡಬ್ಯಾಡ್ರಿ.